ಹಗ್ಗದ ಲೆಕ್ಕ

ಹಟ್ಟಿಯ ಗಣಿಯಲ್ಲಿ ನನ್ನದು ಕೂತು ಮಾಡುವ ಕೆಲಸ.
ಎದುರಿಗೊಂದು ದೊಡ್ಡ ಗಾಲಿ, ಗಾಲಿಗೆ ಉಕ್ಕಿನ ಹಗ್ಗ,
ಹಗ್ಗಕ್ಕೆ ಎರಡು ತೊಟ್ಟಿಲು.
ಒಂದು ಬೆಲ್ಲು ಅಂದರೆ ನಿಲ್ಲಿಸು. ಎರಡು, ಇಳಿಸು.
ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ,
ಕೈ ತಾನಾಗಿಯೇ ಮೆತ್ತಗಾಗುತ್ತದೆ.

ಇಪ್ಪತ್ತಾರು ವರ್ಷ ಲೋಕವೂ ಹೀಗೇ ಅಂದುಕೊಂಡಿದ್ದೆ:
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು.
ಮಾಸ್ತರರೂ ಹಾಗೇ ಕಲಿಸಿದ್ದರು
ನಕಾಶೆಗೆ ಬೆತ್ತ ತಾಗಿಸಿ:
ಇದು ಅಮೆರಿಕ, ಇದು ರಷ್ಯಾ,
ಉಳಿದವರು ನಡುವೆ ಕೂತು ನೋಡುವವರು.
ಹಾಗೇ ಬರೆದೆ, ಪಾಸಾದೆ.

ಈಗ ಆ ಲೆಕ್ಕ ಕೂಡುವುದಿಲ್ಲ.
ಒಂದೇ ಗಾಲಿಗೆ ಏಳೆಂಟು ಹಗ್ಗ ಸುತ್ತಿದ ಹಾಗಿದೆ,
ಯಾರು ಬೆಲ್ಲು ಹೊಡೆದರು, ಯಾವ ತೊಟ್ಟಿಲಿಗೆ, ತಿಳಿಯದು.
ಎಲ್ಲೋ ಇಕ್ಕಟ್ಟು ಕಡಲಿನಲ್ಲಿ ಹಡಗು ನಿಂತರೆ
ಇಲ್ಲಿ ಅದಿರು ತೊಳೆಯುವ ಸೈನೈಡು ತಡವಾಗುತ್ತದೆ.
ಒಬ್ಬ ಇನ್ನೊಬ್ಬನ ಹಣಕ್ಕೆ ಬೀಗ ಜಡಿದರೆ
ಸಂಬಂಧವಿಲ್ಲದ ಮೂರನೆಯವನು ಬೆಚ್ಚಿಬಿದ್ದು
ಕಾಗದ ಕೊಟ್ಟು ಬಂಗಾರ ತರಿಸಿಕೊಳ್ಳುತ್ತಾನೆ.
ಮರುದಿನ ಲಿಂಗಸುಗೂರಿನ ಮೌನೇಶ ಪತ್ತಾರ
ಬೆರಳಿಗೆ ಎಂಜಲು ಹಚ್ಚಿ
ಹಲಗೆಯ ಹಳೆ ದರ ಒರೆಸುತ್ತಾನೆ.

ಮುದಗಲ್ಲಿನ ನಮ್ಮ ಅಜ್ಜಿಗೆ ಇದೇನೂ ಹೊಸದಲ್ಲ.
ಕೃಷ್ಣೆ ತುಂಗಭದ್ರೆಯರ ನಡುವೆ ಹುಟ್ಟಿದವರಿಗೆ
ಅರಸರು ಎಂದೂ ಇಬ್ಬರೇ ಇದ್ದದ್ದಿಲ್ಲ.
ವಿಜಾಪುರ, ಗೋಲ್ಕೊಂಡ, ಬೀದರ, ಅಹ್ಮದ್‌ನಗರ, ಹಂಪಿ,
ನಿನ್ನೆ ಕೈ ಕುಲುಕಿದವನ ಬಾಗಿಲಿಗೇ ಇವತ್ತು ತೋಪು.
"ಯಾರರ ಬರ್ಲಿ, ಮೊದಲು ಸೇರು ಬದಲಾಗ್ತೈತಿ,
ಆಮ್ಯಾಲ ಸುಂಕ" ಅನ್ನುತ್ತಿದ್ದಳು
ಕೋಟೆಯ ಕಂದಕದಲ್ಲಿ ಒಗೆದ ಸೀರೆ ಹಿಂಡುತ್ತ.
ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಳತೆ ಬರುತ್ತಿತ್ತು.

ಕ್ಯಾಂಟೀನಿನ ಖಾಜಾಬನಿ ಮೊನ್ನೆ ಚಹಾ ತಂದಿಟ್ಟು
ಹೋಗದೆ ನಿಂತಳು.
ಸೆರಗಿನ ಗಂಟಿನಲ್ಲಿ ಎರಡು ಬಳೆ, ತಾಯಿಯವು.
ಹಿಟ್ಟಿನ ಗಿರಣಿ ಹಾಕಬೇಕು,
ಬ್ಯಾಂಕಿನವರು ಅರ್ಧ ಕೊಡುತ್ತಾರೆ, ಬರುವ ತಿಂಗಳು,
ಅಲ್ಲಿಯ ತನಕ ದರ ಇಳಿಯಬಾರದು.
"ಅಣ್ಣಾರೀ, ಆ ಯುದ್ಧ
ಇನ್ನೊಂದು ತಿಂಗಳು ನಡೀತದೇನ್ರೀ?"

ಕೇಳಿದವಳೇ ನಾಲಿಗೆ ಕಚ್ಚಿಕೊಂಡಳು.
ಅವಳ ತಮ್ಮ ದಾವಲ್ ಅದೇ ಕಡಲಿನ ಬಂದರಿನಲ್ಲಿ
ಕ್ರೇನು ಓಡಿಸುತ್ತಾನೆ. ಅವನೂ ಹಗ್ಗ ನಂಬಿದವನು.
ರಾತ್ರಿ ಆಕಾಶ ಕೆಂಪಾದಾಗ ಕೆಳಗಿಳಿದು ಫೋನು ಮಾಡುತ್ತಾನೆ,
ಊಟ ಆಯಿತಾ ಅಂತ ಮಾತ್ರ ಕೇಳುತ್ತಾನೆ.
"ನಿಲ್ಲಲಿ ಬಿಡ್ರಿ, ಇವತ್ತೇ ನಿಲ್ಲಲಿ" ಅಂದಳು,
ಗಂಟನ್ನು ಇನ್ನೊಮ್ಮೆ ಬಿಗಿದು.
ನನಗೆ ಆ ಎರಡು ಮಾತೂ ನಿಜವೆನಿಸಿತು.
ಚಹಾ ಆರಿತು.

ಮಸ್ಕಿಯ ಗುಡ್ಡದಲ್ಲಿ ಒಬ್ಬ ಚಕ್ರವರ್ತಿಯ ಹೆಸರಿದೆ.
ಎರಡು ಸಾವಿರ ವರ್ಷ ಯಾರೂ ಓದಲಿಲ್ಲ,
ಆಡು ಕಾಯುವವರು ಅದರ ನೆರಳಿಗೆ ಕೂತು ಎದ್ದರು.
ಕೊನೆಗೆ ಕಂಡವನು ಬಂಗಾರ ಹುಡುಕಿ ಬಂದ ಇಂಜಿನಿಯರು.
ನಮ್ಮ ಹಳೆಯ ಸುರಂಗಗಳಲ್ಲೂ ಇದ್ದಿಲು ಸಿಗುತ್ತದೆ,
ಬಂಡೆಗೆ ಬೆಂಕಿ ಹಚ್ಚಿ ಸೀಳಿದವರದು.
ಅಗೆಯುತ್ತಿದ್ದಾಗ ಮೇಲೆ ಯಾರ ರಾಜ್ಯವಿತ್ತೆಂದು
ಅವರೂ ಕೇಳಿರಬಹುದು, ಚಹಾ ಇಲ್ಲದ ಹೊತ್ತಿನಲ್ಲಿ.

ಒಂದು ಟನ್ ಕಲ್ಲಿಗೆ ಎರಡು ಮೂರು ಗ್ರಾಂ. ಅಷ್ಟೇ.
ಅದನ್ನು ದೂರದ ನೆಲಮಾಳಿಗೆಗಳಲ್ಲಿ
ಮತ್ತೆ ನೆಲದೊಳಗೇ ಹೂಳುತ್ತಾರಂತೆ.
ಯಾಂಕೋಬ ನಗುತ್ತಾನೆ: "ಹಂಗಾರ ತಗಿಯಾದು ಯಾಕ?"
ನಾನು ನಗಲಿಲ್ಲ. ನನಗೆ ಬೇರೆಯದೇ ಚಿಂತೆ:
ಆ ದೊಡ್ಡ ಗಾಲಿಗಳ ಮುಂದೆ ಕೂತವರಿಗೆ
ಮೂರನೆಯ ಬೆಲ್ಲು ಕೇಳಿಸುತ್ತದೆಯೋ,
ಕಲ್ಲು ತುಂಬಿದೆ ಅಂದುಕೊಂಡೇ ಎಳೆಯುತ್ತಾರೋ.

ರಾತ್ರಿ ಪಾಳಿ ಮುಗಿಯುತ್ತ ಬಂತು.
ಕೆಳಗಿಳಿದವರು ತೂಗುಹಾಕಿ ಹೋದ ಹಿತ್ತಾಳೆಯ ಬಿಲ್ಲೆ
ಹಲಗೆಯಲ್ಲಿ ಇನ್ನೂ ಹನ್ನೊಂದು ಇವೆ.
ಗಡಿಯಾರ ನೋಡಲಿಲ್ಲ. ಅವನ್ನೇ ಎಣಿಸುತ್ತ ಕೂತೆ.