ತಿಳಿದಷ್ಟು

ಕಲ್ಲಿನಕೋಟೆ ತೋರಿಸಿ ಇಳಿದ ಮೇಲೆ
ಎಷ್ಟು ಕೊಡಲಿ ಅಂತಾರೆ.
ತಿಳಿದಷ್ಟು ಕೊಡಿ ಅಂತೀನಿ.
ಏದುಸಿರು ಆಗ ಶುರು.

ಅಮೆರಿಕದವ ಅಂದ: ಶೇಕಡಾ ಇಪ್ಪತ್ತು.
ಯಾವುದರಲ್ಲಿ ಸ್ವಾಮಿ?
ಬಿಲ್ಲೇ ಇಲ್ಲ, ಬರೀ ಬಂಡೆ.

ಜಪಾನಿನ ಅಜ್ಜಿ ಪರ್ಸು ತೆರೆಯಲಿಲ್ಲ;
ಅವರ ಸೀಮೆಯಲ್ಲಿ ಕೊಟ್ಟರೆ ಅವಮಾನವಂತೆ.
ಸೊಂಟದ ತನಕ ಬಾಗಿದಳು.
ನಾನೂ ಬಾಗಿದೆ.
ಜೇಬು ಖಾಲಿ, ಆದರೂ
ಯಾರೋ ಶಾಲು ಹೊದಿಸಿದ ಹಾಗೆ.

ನಮ್ಮವರು?
ಚಿಲ್ಲರೆ ಇಲ್ಲ ಕಣಪ್ಪ ಅಂತ
ಕೋತಿ ಬಿಟ್ಟ ಬಾಳೆಹಣ್ಣು.

ರಾತ್ರಿ, ಸಂತೆಹೊಂಡದ ಹತ್ತಿರ ಖಾನಾವಳಿ.
ಸೋಂಪಿನ ತಟ್ಟೆಯಲ್ಲಿ ಬಿಲ್ಲು.
ರೊಟ್ಟಿ ಬಡಿಸಿದ ಹುಡುಗ ಓಬಳೇಶ
ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಾನೆ.
ಐದು ಇಟ್ಟೆ. ತೆಗೆದೆ. ಹತ್ತು ಇಟ್ಟು
ಮೇಲೆ ಸೋಂಪು ಎಳೆದು
ಕಳ್ಳನ ಹಾಗೆ ಮೆಟ್ಟಿಲಿಳಿದೆ.

ಹಿಂದಿನಿಂದ ಓಡಿ ಬಂದ:
ಅಣ್ಣಾ, ಚಿಲ್ಲರೆ ಮರೆತ್ರಿ.