ಎದುರುದಾರರಿಲ್ಲದ ಅರ್ಜಿ

ಇಪ್ಪತ್ತಾರು ವರ್ಷ, ಕಾರವಾರದ ಕೋರ್ಟಿನೆದುರು ಕೂತು
ಬೇರೆಯವರ ಅಪಘಾತ ಟೈಪು ಮಾಡಿದವನು ನಾನು.
'ಅತಿವೇಗ ಹಾಗೂ ನಿರ್ಲಕ್ಷ್ಯತನದಿಂದ' –
ಈ ಸಾಲಿಗೆ ಕಣ್ಣು ಬೇಡ, ಬೆರಳಿಗೇ ಗೊತ್ತು.
ಲಾರಿಯ ನಂಬರು, ವಿಮೆಯ ನಂಬರು,
ಹೋದ ಕಾಲು ಎಡವೋ ಬಲವೋ,
ಅಷ್ಟು ಕೇಳಿಕೊಂಡರೆ ಚಹಾ ಬರುವುದರೊಳಗೆ ಅರ್ಜಿ ತಯಾರು.

ಈಗ ನನ್ನದು.
ಅರ್ಜಿದಾರ: ಶಾಮಸುಂದರ ಬಿನ್ ವಿಠೋಬಾ ಕೊಠಾರಕರ,
ವಯಸ್ಸು ಐವತ್ತೊಂದು, ಸಕ್ಕರೆ ಕಾಯಿಲೆ,
ಡಾಕ್ಟರು ನಡೆಯಿರಿ ಅಂದರೆ ಸೈಕಲ್ಲು ಕೊಂಡವ.
ಎದುರುದಾರ:
ಇಲ್ಲಿ ಬೆರಳು ನಿಲ್ಲುತ್ತದೆ.

ಭಾನುವಾರ, ಬೆಳಗಿನ ಆರೂವರೆ, ಬಿಣಗಾ ಘಟ್ಟದ ಇಳಿಜಾರು.
ಬೈತಖೋಲದಿಂದ ಹೊರಟ ಮೀನಿನ ಲಾರಿಯೊಂದು
ನಮಗಿಂತ ಮುಂಚೆ ಯಾವಾಗಲೋ ದಾಟಿಹೋಗಿತ್ತು
ಮಂಜುಗಡ್ಡೆ ಕರಗಿದ ನೀರು ಸುರಿಸುತ್ತ.
ತಿರುವಿನುದ್ದಕ್ಕೂ ಒಂದು ತೆಳು ಹೊಳಪು.
ಫೆಲಿಕ್ಸ್ ಮುಂದಿದ್ದ, ದಾಟಿದ. ಮುಝಮ್ಮಿಲನೂ ದಾಟಿದ.
ನಾನು ಆ ಹೊತ್ತಿಗೆ ಸಮುದ್ರ ನೋಡುತ್ತಿದ್ದೆ.
(ಇಂಥದ್ದನ್ನು ಯಾವ ಅರ್ಜಿದಾರನೂ ನನ್ನೆದುರು ಒಪ್ಪಿಕೊಂಡಿಲ್ಲ.)

ಬೀಳುವುದಕ್ಕೆ ಸದ್ದಿರಲಿಲ್ಲ. ಸದ್ದು ಆಮೇಲೆ –
ಹಿಂದಿನ ಚಕ್ರ ಗಾಳಿಯಲ್ಲಿ ಟಿಕಟಿಕ ಟಿಕಟಿಕ
ಎಲ್ಲಿಗೋ ಹೋಗುತ್ತಲೇ ಇತ್ತು.

"ಹಾಲೂ ನಾಕಾ" ಅಂದಿತು ಒಂದು ಹೆಣ್ಣುದನಿ, ಅಲುಗಬೇಡ.
ಟೆಂಪೊ ಕಾಯುತ್ತ ಬುಟ್ಟಿ ಇಳಿಸಿ ಕೂತಿದ್ದವಳು.
ತಲೆಯ ಸಿಂಬಿ ಬಿಚ್ಚಿ ನನ್ನ ಕೈಯನ್ನು ಕೊರಳಿಗೆ ಕಟ್ಟಿದಳು,
ಬಂಗಡೆಯ ನಡುವಿನಿಂದ ಬೊಗಸೆ ಮಂಜುಗಡ್ಡೆ ತೆಗೆದು
ಹೆಗಲ ಮೇಲಿಟ್ಟಳು.
ಕೆಡವಿದ್ದೂ ಇದೇ ಅಂತ ಹೇಳಹೊರಟೆ;
ಹಲ್ಲು ಕಟಕಟಿಸಿತು, ಅಷ್ಟೇ.
ಎಕ್ಸ್‌ರೇ ಕೋಣೆಯ ಹುಡುಗ ಮೂಗು ಮುಚ್ಚಿಕೊಂಡೇ ಹೇಳಿದ:
ಉಸಿರು ಹಿಡಿಯಿರಿ.

ಕೊರಳೆಲುಬು, ಎಡ, ಎರಡು ತುಂಡು.

ಆರು ವಾರ ಒಂದೇ ಕೈ.
ಶರ್ಟಿನ ಗುಂಡಿ ಸುಲಭಾ ಹಾಕುತ್ತಾಳೆ. ಮಾತಿಲ್ಲ.
'ಈ ವಯಸ್ಸಿಗೆ' ಎಂಬುದನ್ನು ಗುಂಡಿಯ ಜೊತೆಗೇ
ಕಾಜಿನೊಳಗೆ ತಳ್ಳುತ್ತಾಳೆ.
ಕೀಲಿಮಣೆಯಲ್ಲಿ ಮಹಾಪ್ರಾಣಕ್ಕೆ ಶಿಫ್ಟು ಒತ್ತಬೇಕು, ದೀರ್ಘಕ್ಕೂ.
ಬಲಗೈ ಒಂದೇ ಆದರೆ
ದುಃಖ ದುಕ್ಕವಾಗುತ್ತದೆ, ಪರಿಹಾರ ಪರಿಹರ.
ಅಪಘಾತ ಅಂತ ಬರೆಯಲು ಎರಡು ಕೈ ಬೇಕೆಂದು
ಇಷ್ಟು ವರ್ಷ ತಿಳಿದಿರಲಿಲ್ಲ.

'ನೋವು ಮತ್ತು ಯಾತನೆ' ಅಂತೊಂದು ಕಲಮು ಇರುತ್ತದೆ,
ಅದರೆದುರು ಇಪ್ಪತ್ತೈದು ಸಾವಿರ ಅಂತ ಹಾಕುತ್ತಿದ್ದೆ.
ರಾತ್ರಿ ಮಗ್ಗುಲು ಬದಲಿಸುವುದು, ಹಾಸಿಗೆಯಿಂದ ಏಳುವುದು, ಸೀನು –
ಸೀನಿಗೆ ಎಷ್ಟು ಹಾಕಲಿ?
ಹಳಗಾದ ಹುಡುಗನೊಬ್ಬ ಹಿಂದೊಮ್ಮೆ ಊರುಗೋಲಿಗೆ ಆನಿಕೊಂಡು
"ಕೆರೆತ ಬರೀತೀರಾ, ಇಲ್ಲದ ಪಾದದ ಕೆರೆತ?" ಅಂದಿದ್ದ.
ಅದಕ್ಕೆ ಕಲಮಿಲ್ಲ, ಅಂದಿದ್ದೆ ನಾನು,
ತಲೆಯೆತ್ತದೆ.

ಸಿಂಬಿ ಹಿಂತಿರುಗಿಸಲು ಮೀನುಪೇಟೆಗೆ ಹೋದೆ.
ಸುಲಭಾ ಎರಡು ಸಲ ಒಗೆದು ಇಸ್ತ್ರಿ ಮಾಡಿದ್ದಳು.
ನಾಲ್ಕನೆಯ ಸಾಲಿನಲ್ಲಿ ಸಿಕ್ಕಳು. ಗುರುತು ಹಿಡಿಯಲಿಲ್ಲ;
ಹೆಲ್ಮೆಟ್ಟಿಲ್ಲದೆ ನೆಟ್ಟಗೆ ನಿಂತ ನಾನು ಅವಳಿಗೆ ಯಾರೋ ಗಿರಾಕಿ.
"ನೂರಕ್ಕೆ ಎಂಟು" ಅಂದಳು.
ಬಟ್ಟೆ ಮುಂದೆ ಹಿಡಿದೆ.
ಇಸ್ತ್ರಿಯ ಗೆರೆಯ ಮೇಲೆ ಬೆರಳಾಡಿಸಿ
ಪಕ್ಕದವಳಿಗೆ ತೋರಿಸಿದಳು, ಸಾಲಿಗೆ ಸಾಲೇ ನಕ್ಕಿತು.
ಹೆಸರು ಕೇಳಿದೆ, ಅರ್ಜಿಗೆ ಸಾಕ್ಷಿ ಬೇಕಲ್ಲ.
"ಯಾತಕ್ಕೆ? ಕೋರ್ಟಿಗೆ ಎಳೀತೀಯಾ?"
ಬಟ್ಟೆಯನ್ನು ಕೈಗೆ ಸುತ್ತಿ, ಹಿಂಡಿ, ಮುದುರಿ
ನೆತ್ತಿಯ ಮೇಲಿಟ್ಟು ಒಮ್ಮೆ ಅದುಮಿದಳು.
ಮನೆಗೆ ಬಂದ ಮೇಲೆ ಎಣಿಸಿದೆ, ಒಂಬತ್ತಿದ್ದವು.

ಸದರಿ ಸೈಕಲ್ಲು ಅಂಗಳದ ಗೋಡೆಗೆ ಒರಗಿದೆ.
ಹ್ಯಾಂಡಲ್ಲು ತುಸು ಎಡಕ್ಕೆ ನೋಡುತ್ತದೆ.
ನೆಟ್ಟಗೆ ಮಾಡಿಕೊಡುತ್ತೇನೆ ಅಂದ ಫೆಲಿಕ್ಸ್. ಬೇಡ ಅಂದೆ, ಯಾಕೋ.

ಎದುರುದಾರ: ಇನ್ನೂ ಖಾಲಿ.
ಆ ತಿರುವಿನಿಂದ ಸಮುದ್ರ ಕಾಣುವುದು ಮೂರೇ ಸೆಕೆಂಡು.
ಅವತ್ತು ಬೂದು ಬಣ್ಣಕ್ಕಿತ್ತು. ದೂರದಲ್ಲಿ ಒಂದು ದೋಣಿ
ಬೆಳಗಾದರೂ ದೀಪ ಆರಿಸಲು ಮರೆತಿತ್ತು.