ಐದೂವರೆ ಇಂಚು

ಅಟ್ಟ ಹಾರದವನು ಬೆಟ್ಟ ಹಾರಿಯಾನೇ ಎಂದು
ತಮ್ಮ ಮಂಡಿಯನ್ನು ತಾವೇ ಗೇಲಿ ಮಾಡಿಕೊಂಡು
ನಮ್ಮವರು ಏಣಿಯ ಬುಡದಲ್ಲೇ ಉಳಿದರು.
ಹಾಗಾಗಿ ಡುಲೂತಿನ ಈ ಮನೆಯ ಅಟ್ಟ
ನನ್ನ ಪಾಲಿಗೆ ಬಂತು:
ಬಾಯಲ್ಲಿ ಟಾರ್ಚು, ಮೊಣಕೈಗೆ ಜೇಡ,
ಹೋದ ಚಳಿಗಾಲ ಸೂರಿಗೆ ಕಟ್ಟಿದ ಮಂಜುಗಡ್ಡೆ
ಒಳಗೊಳಗೇ ಕರಗಿ
ಬಟ್ಟೆ ಬೀರುವಿಗೆ ಇಳಿದ ಜಾಗದಲ್ಲಿ
ಕಂದು ನಕಾಶೆ.

ಹೈಕಿಲಾ ಬಂದ. ಅರವತ್ತರ ಮೇಲೆ, ಹುಬ್ಬಿನಲ್ಲೂ ಫೋಮು.
ಬಳೆಗಾರ ಗಂಟು ಬಿಚ್ಚಿದ ಹಾಗೆ
ಅಡುಗೆಮನೆ ಮೇಜಿನ ಮೇಲೆ ಎರಡು ತುಂಡು ಇಟ್ಟು
ಒತ್ತಿ ನೋಡಿ, ಎಂದ.

ಒಂದು ಓಪನ್ ಸೆಲ್. ಹೆಬ್ಬೆರಳು ಊರಿದರೆ ತಗ್ಗಿ
ಸ್ವಲ್ಪ ಯೋಚನೆ ಮಾಡಿ ಮೇಲೆದ್ದಿತು,
ತೂತು ತೂತಿನ ಸೆಟ್ ದೋಸೆ.
ಇನ್ನೊಂದು ಕ್ಲೋಸ್ಡ್ ಸೆಲ್. ಉಗುರು ಹೊಗಲಿಲ್ಲ,
ಕುಟ್ಟಿದರೆ ಟಕ್ ಎನ್ನುವ ಕಡಕ್ ರೊಟ್ಟಿ.

"ಮೆತ್ತನೆಯದು ಅಗ್ಗ. ಉಬ್ಬಿ ಸಂದಿಗೊಂದಿ ತುಂಬುತ್ತದೆ,
ಸದ್ದು ಹೀರುತ್ತದೆ. ಆವಿಯನ್ನೂ ಬಿಡುತ್ತದೆ,
ಇಲ್ಲಿಯ ಚಳಿಗೆ ಹಲಗೆ ಬೆವರುತ್ತದೆ.
ಗಟ್ಟಿಯದಕ್ಕೆ ಹೆಚ್ಚುಕಡಿಮೆ ಎರಡರಷ್ಟು ದುಡ್ಡು, ಹನಿ ಬಿಡದು.
ಆದರೆ ನಾಳೆ ಸೂರು ಸೋರಿತು ಅನ್ನಿ,
ಮೆತ್ತನೆಯದು ಅಂದೇ ಹೇಳಿಬಿಡುತ್ತದೆ.
ಗಟ್ಟಿಯದು ಹೇಳುವುದಿಲ್ಲ. ಹಲಗೆ ಕೊಳೆತ ಮೇಲೆ..."
ಅಷ್ಟಕ್ಕೇ ನಿಲ್ಲಿಸಿ ಚಹಾ ಕುಡಿದ.

ಇಂಥವರು ನಮ್ಮಲ್ಲೂ ಇದ್ದಾರಲ್ಲ,
ನಿಮ್ಮ ಚಿಕ್ಕಪ್ಪ ಒಬ್ಬರು, ಎಂದೆ.
"ಫೋಮಿನೊಳಗೆ ನೆಂಟರನ್ನು ತುರುಕಬೇಡ."
ನಮ್ಮವರು ಕ್ಯಾಲ್ಕುಲೇಟರಿನಿಂದ ಕಣ್ಣೆತ್ತಲಿಲ್ಲ.
ಇಂಚಿಗೆ ಮೂರೂವರೆ, ಇಂಚಿಗೆ ಆರೂವರೆ,
ಜಂತಿಯ ಆಳ ಐದೂವರೆ.
ಹಾಸಿಗೆ ಇದ್ದಷ್ಟೇ ಕಾಲು.

ಆ ರಾತ್ರಿ ಮತ್ತೆ ಹತ್ತಿದೆ, ಅಳೆಯುವ ನೆಪ.
ಚಿಮಣಿ ಪಕ್ಕದ ಜಂತಿಯ ಮಗ್ಗುಲಲ್ಲಿ
ಇರುವೆ ಸಾಲು ಅಂದುಕೊಂಡಿದ್ದು ಪೆನ್ಸಿಲ್ ಅಕ್ಷರ,
ಅದಿರಿನ ರೈಲಿನಂತೆ ಒಂದರ ಹಿಂದೊಂದು.
ಐವತ್ತೊಂದು: ಮೈನಸ್ ಮೂವತ್ತೊಂದು. ನಲ್ಲಿ ಹೆಪ್ಪುಗಟ್ಟಿತು.
ಐವತ್ತೆರಡು: ಮೈನಸ್ ಇಪ್ಪತ್ತೆಂಟು. ಹಾಲಿನವನು ಬರಲಿಲ್ಲ.
ಐವತ್ತಾರು: ಬರೀ ಅಂಕಿ.
ಅರವತ್ತು: ಟಾಯ್ವೋ ಹೋದ. ಥರ್ಮಾಮೀಟರು ನೋಡಲಿಲ್ಲ.
ಆಮೇಲೂ ಒಂಬತ್ತು ಚಳಿಗಾಲ. ಕೊನೆಗೆ ಹೆಸರು: ಆಲ್ಮಾ.

ಟೇಪು ಹಿಡಿದೆ. ಜಂತಿಯ ಕೆಳಂಚಿನಿಂದ
ಅಕ್ಷರದ ನೆತ್ತಿಗೆ ಒಂದೂಕಾಲು ಇಂಚು.

ಮೆತ್ತನೆಯದಾದರೆ ಐದೂವರೆಯೂ ತುಂಬಬೇಕು,
ಉಬ್ಬಿದ್ದನ್ನು ಗರಗಸದಲ್ಲಿ ಸವರಿ ಮಟ್ಟ ಮಾಡುತ್ತಾರೆ.
ಗಟ್ಟಿಯದು ನಾಲ್ಕು ಸಾಕು.
ಐದೂವರೆಯಲ್ಲಿ ನಾಲ್ಕು ಹೋದರೆ...
ಭಿನ್ನರಾಶಿಗೆ ಹೆದರಿ ಶಾಲೆಯಲ್ಲಿ ಅತ್ತವಳು ನಾನು.

ನಮ್ಮವರಿಗೆ ಹೇಳಿದ್ದು ಬೇರೆ:
ಗಟ್ಟಿಯದೇ ಇರಲಿ, ಮೆತ್ತನೆಯದು ಸದ್ದು ನುಂಗುತ್ತದಂತೆ,
ನನಗೆ ರಾತ್ರಿ ಸರೋವರದ ಹಡಗು ಕೂಗುವುದು ಕೇಳಬೇಕು.
"ಅದಕ್ಕೆ ಮೂರು ಸಾವಿರದ ಏಳುನೂರು ಡಾಲರೇ?"
ಸಹಿ ಮಾತ್ರ ಹಾಕಿದರು.

ನಿಜ ಹೇಳಿದ್ದು ಹೈಕಿಲಾ ಒಬ್ಬನಿಗೆ.
ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದ.
ಏನೂ ಅನ್ನದೆ ಜೇಬಿನಿಂದ ನೀಲಿ ಟೇಪು ತೆಗೆದು
ಸೀರೆಗೆ ಫಾಲ್ ಹೊಲಿಯುವಷ್ಟು ಹುಷಾರಾಗಿ
ಅಂಚಿನುದ್ದಕ್ಕೂ ಅಂಟಿಸಿದ.

ವಾಸನೆ ಹೋಗಲೆಂದು ಒಂದು ರಾತ್ರಿ ಮೋಟೆಲಿನಲ್ಲಿದ್ದು ಬಂದೆವು.

ಜನವರಿ ಹದಿನಾರು, ಬೆಳಗಿನ ಜಾವ.
ಪೆನ್ಸಿಲು ಕಿವಿಗೆ ಸಿಕ್ಕಿಸಿ ಹತ್ತಿದೆ.
ಆಲ್ಮಾಳ ಹೆಸರಿನಿಂದ ನಾಲ್ಕು ಬೆರಳು ಬಿಟ್ಟು ಬರೆದೆ:
ಮೈನಸ್ ಇಪ್ಪತ್ತಾರು. ನಲ್ಲಿಯಲ್ಲಿ ನೀರು ಬರುತ್ತಿದೆ.

"ಏನು ಮಾಡ್ತಿದ್ದೀ ಅಲ್ಲಿ?" ಕೆಳಗಿನಿಂದ ನಮ್ಮವರು.
ಸೋರುತ್ತಾ ನೋಡ್ತಿದ್ದೀನಿ, ಎಂದೆ.